ಹಿತ್ತಲ ಬಾಗಿಲಲ್ಲಿ ಓದಿದ ಸುದ್ದಿ

ನಮ್ಮೂರಲ್ಲಿ ಯಾರ ಮನೆಯ ಸುದ್ದಿಯಾದರೂ ಸರಿ, ಮೊದಲು ಆ ಮನೆಯ ಹೊಸ್ತಿಲಲ್ಲಿ ಓದಿ ಹೇಳಬೇಕು. ಮನೆಯವರೊಬ್ಬರು ಹೊಸ್ತಿಲ ಒಳಗೆ ನಿಂತು, ಹೊರಗೆ ನಿಂತ ವರದಿಗಾರರ ಮುಖ ನೋಡುತ್ತಾ ಕೊನೆಯ ಸಾಲಿನವರೆಗೂ ಕೇಳಿಸಿಕೊಳ್ಳಬೇಕು. ಅಂಗಡಿಯದೋ ಕಾರ್ಖಾನೆಯದೋ ಸುದ್ದಿಯಾದರೆ ಅದರ ಮಾಲೀಕರ ಮನೆಯ ಹೊಸ್ತಿಲು. ಅಚ್ಚು ಹಾಕುವುದು ಆಮೇಲೆ. ಹಾಗೆ ಓದದ ಸುದ್ದಿಗೆ ಶಾಯಿ ಹತ್ತುವುದಿಲ್ಲ. ಮೆಷಿನ್ ತಿರುಗುತ್ತದೆ, ಕಾಗದ ಹೊರಗೆ ಬರುತ್ತದೆ, ಆ ಸುದ್ದಿ ಇರಬೇಕಾದ ಜಾಗ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿರುತ್ತದೆ.

ಊರಿನವರಿಗೆ ಇದು ಅಭ್ಯಾಸವಾಗಿ ಹೋಗಿದೆ. ಮಗಳು ಪರೀಕ್ಷೆಯಲ್ಲಿ ಮೊದಲು ಬಂದ ಮನೆಯವರು ಕಾಫಿ ಸೋಸಿಟ್ಟುಕೊಂಡು ನಮಗಾಗಿ ಬಾಗಿಲು ಕಾಯುತ್ತಾರೆ. ಹೊಡೆದಾಟ ಮಾಡಿಕೊಂಡವರು ನಮ್ಮ ಚೀಲ ಕಂಡ ಕೂಡಲೇ ಹಿಂದಿನಿಂದ ಹಾರಿ ನೆಂಟರ ಮನೆ ಸೇರುತ್ತಾರೆ. ನಮ್ಮ ವಾರ್ಡಿನ ಕೌನ್ಸಿಲರು ತಮ್ಮ ರಸ್ತೆಯ ಗುಂಡಿಯ ಸುದ್ದಿ ಬರುವ ಹೊತ್ತಿಗೆ ಸರಿಯಾಗಿ ಯಾವುದಾದರೂ ಪುಣ್ಯಕ್ಷೇತ್ರಕ್ಕೆ ಹೊರಟಿರುತ್ತಾರೆ. ಸಂಜೆ ಪತ್ರಿಕೆ ಕೈಗೆ ಬಂದರೆ ಓದುಗರು ಮೊದಲು ನೋಡುವುದು ಬಿಳಿಯ ಜಾಗವನ್ನೇ. "ಯಾರೋ ಬಾಗಿಲು ಹಾಕ್ಕೊಂಡವ್ರೆ" ಎಂದು ನಕ್ಕು ಪುಟ ತಿರುಗಿಸುತ್ತಾರೆ. ಒಂದು ಒಳ್ಳೆಯದೇನೆಂದರೆ, ಅಚ್ಚಾದ ಮೇಲೆ ನಮ್ಮ ಸುದ್ದಿಯನ್ನು ಯಾರೂ ಅನುಮಾನಿಸುವುದಿಲ್ಲ. ಕೆಟ್ಟದ್ದೇನೆಂದರೆ, ಅಚ್ಚಾಗದ ಸುದ್ದಿಯನ್ನು ಯಾರೂ ನಂಬುವುದೂ ಇಲ್ಲ. ಮೊಬೈಲಿನಲ್ಲಿ ಬಂದದ್ದನ್ನು ತೋರಿಸಿದರೆ, "ಅದಕ್ಕೆಲ್ಲಿದೆ ಹೊಸ್ತಿಲು?" ಎನ್ನುತ್ತಾರೆ.

ಆ ಪತ್ರಿಕೆಯಲ್ಲಿ ನಾನು ನೋಡಿಕೊಳ್ಳುತ್ತಿದ್ದದ್ದು ಆಸ್ಪತ್ರೆ, ಕುಡಿಯುವ ನೀರು, ಚರಂಡಿ, ನಾಯಿ ಕಡಿತ ಇಂಥವನ್ನು. ನನ್ನ ಹೆಸರು ಮಂದಾಕಿನಿ. ಸಂಪಾದಕರಾದ ಶಿವಲಿಂಗಯ್ಯನವರು ಮಂದಾ ಎಂದು ಕರೆಯುತ್ತಿದ್ದರು. ಆ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ನಸ್ರೀನ್ ಫೋನ್ ಮಾಡಿ, "ಬಂದು ನನ್ನ ವಾರ್ಡ್ ಒಂದ್ಸಲ ನೋಡಿ" ಎಂದರು. ಹೋದೆ. ಮಂಚ ಸಾಲದೆ ನೆಲದ ಮೇಲೂ ಚಾಪೆ ಹಾಸಿ ಮಲಗಿಸಿದ್ದರು. ಎಲ್ಲರ ಕಣ್ಣೂ ಅರಿಸಿನ. ಕಾಮಾಲೆ ನಮ್ಮೂರಿಗೆ ಹೊಸದಲ್ಲ, ಬೇಸಿಗೆಗೊಂದಿಷ್ಟು ಜನಕ್ಕೆ ಬರುತ್ತದೆ, ಸೊಪ್ಪಿನ ರಸ ಕುಡಿದು ಪಥ್ಯ ಮಾಡಿ ಎದ್ದು ಓಡಾಡುತ್ತಾರೆ. ಆದರೆ ಇಷ್ಟು ಜನಕ್ಕೆ ಒಟ್ಟಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ.

"ಉಳಿದೋರು ಹೇಗೋ ಚೇತರಿಸ್ಕೊಳ್ತಾರೆ," ಎಂದರು ನಸ್ರೀನ್. "ನನಗೆ ಭಯ ಇರೋದು ಬಸುರಿಯರದ್ದು. ಈ ಕಾಮಾಲೆ ಬಸುರಿಯರನ್ನ ಬಿಡೋದಿಲ್ಲ. ನಿನ್ನೆ ಒಬ್ಬಳನ್ನ ಕಳ್ಕೊಂಡೆ. ಏಳು ತಿಂಗಳು. ಮಗುವೂ ಉಳೀಲಿಲ್ಲ."

ಸತ್ತವಳ ಹೆಸರು ಸುಲೋಚನಾ. ಗಂಡ ಬಸ್‌ಸ್ಟ್ಯಾಂಡಿನ ಹಿಂದೆ ಟೈರ್ ಪಂಕ್ಚರ್ ಹಾಕುತ್ತಿದ್ದ. ಸಾವಿನ ಸುದ್ದಿ ಓದಲು ಅವರ ಮನೆಗೆ ಹೋದಾಗ ಹೊಸ್ತಿಲಿಗೆ ಬಂದದ್ದು ಅವಳ ಅತ್ತೆ ದೇವೀರಮ್ಮ. ಬಾಗಿಲ ಚೌಕಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡರು. ನಾನು ಕಾಗದ ಮಡಿಚುವಾಗ, "ನಲ್ಲಿ ನೀರು ಕೂಡ ಕೊಡ್ಲಿಲ್ಲ ಕಣವ್ವ ಅವಳಿಗೆ," ಎಂದರು. "ಬಸುರಿ ಹೆಂಗಸು, ಶುದ್ಧವಾಗಿರ್ಲಿ ಅಂತ ಕ್ಯಾನ್ ನೀರೇ ತರಿಸ್ತಿದ್ವಿ. ಬಸವಂತಪ್ಪನೋರ ಕ್ಯಾನು. ನಾವೆಲ್ಲ ನಲ್ಲಿದೇ ಕುಡ್ಕೊಂಡು ಅವಳಿಗೆ ಮಾತ್ರ ಅದನ್ನ ಕೊಡ್ತಿದ್ವಿ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ಮನೆಯಲ್ಲಿ ನಲ್ಲಿ ನೀರು ಕುಡಿದವರೆಲ್ಲ ಚೆನ್ನಾಗಿದ್ದರು. ಮಾರನೆಯ ದಿನದಿಂದ ಆಸ್ಪತ್ರೆಯ ವಾರ್ಡಿನಲ್ಲಿದ್ದವರ ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ. ಒಬ್ಬರು ಹೋಟೆಲಿನಲ್ಲಿ ಕುಡಿದಿದ್ದರು, ಒಬ್ಬರು ಬ್ಯಾಂಕಿನಲ್ಲಿ, ಒಬ್ಬರು ನಾಮಕರಣದ ಊಟದಲ್ಲಿ. ಎಲ್ಲ ಕಡೆಯೂ ಬಸವಂತಪ್ಪನವರ ನೀಲಿ ಕ್ಯಾನೇ.

ಬಸವಂತಪ್ಪನವರೆಂದರೆ ಊರಿಗೆ ಬೇಕಾದ ಮನುಷ್ಯ. ಯಾರ ಮನೆಯಲ್ಲಿ ಸಾವಾದರೂ ಕೇಳುವ ಮೊದಲೇ ಅವರ ಗಾಡಿ ನೀರು ಇಳಿಸಿ ಹೋಗುತ್ತಿತ್ತು. ಅವರ ನೀರಿನ ಘಟಕ ಊರಾಚೆ ಹಳೆಯ ಇಟ್ಟಿಗೆ ಗೂಡಿನ ಪಕ್ಕದಲ್ಲಿತ್ತು. ಮುಂದೆ ಹಸಿರು ಗೇಟು, ಒಳಗೆ ಹೂವಿನ ಕುಂಡ. ನಾನು ಹಿಂದಿನಿಂದ, ಜಾಲಿ ಗಿಡಗಳ ನಡುವೆ ನುಗ್ಗಿ ಹೋದೆ. ಒಳಚರಂಡಿಯ ಗುಂಡಿಯೊಂದರ ಮುಚ್ಚಳ ಒಡೆದು ಕೊಳಚೆ ಉಕ್ಕಿ ಮಡುವಾಗಿ ನಿಂತಿತ್ತು. ಆ ಮಡುವಿನ ನಡುವೆಯೇ ಬೋರ್‌ವೆಲ್ಲಿನ ಕೊಳವೆ. ಶೆಡ್ಡಿನ ಕಿಟಕಿಯಿಂದ ಇಣುಕಿದರೆ ನೀರು ಶುದ್ಧ ಮಾಡುವ ಯಂತ್ರದ ಮೇಲೆ ಗೋಣಿಚೀಲ ಹೊದಿಸಿದ್ದರು, ಅದರ ಮೇಲೆ ಧೂಳು ಗಟ್ಟಿಯಾಗಿತ್ತು. ಬೋರಿನಿಂದ ಬಂದ ಪೈಪು ನೇರವಾಗಿ ಕ್ಯಾನುಗಳ ಬಾಯಿಗೆ ಹೋಗುತ್ತಿತ್ತು. ನಮ್ಮ ಕಚೇರಿಯಲ್ಲೂ ಅದೇ ಕ್ಯಾನು ಇತ್ತು.

ನಸ್ರೀನ್ ಆ ನೀರನ್ನು ಪರೀಕ್ಷೆಗೆ ಕಳಿಸಿದರು. ಕುಡಿಯಲು ಯೋಗ್ಯವಲ್ಲ, ಮಲದ ಕ್ರಿಮಿಗಳಿವೆ ಎಂದು ಉತ್ತರ ಬಂತು. ಅದನ್ನು ಹಿಡಿದು ಪುರಸಭೆಯ ಆರೋಗ್ಯಾಧಿಕಾರಿಯ ಬಳಿ ಹೋದೆವು. ಆತ ಕೆಟ್ಟವನೇನಲ್ಲ. "ಪೇಪರಲ್ಲಿ ಬರ್ಲಿ ಮೇಡಂ, ಅವತ್ತೇ ಬೀಗ ಹಾಕಿಸ್ತೀನಿ," ಎಂದ. "ಪೇಪರಲ್ಲಿ ಬರದೆ ಬಸವಂತಪ್ಪನೋರ ಗೇಟಿಗೆ ಕೈ ಹಾಕಿದ್ರೆ ಜನ ನನ್ನನ್ನ ಸುಮ್ನೆ ಬಿಡ್ತಾರಾ?"

ಹಾಗಾಗಿ ಎಲ್ಲವೂ ಬಸವಂತಪ್ಪನವರ ಹೊಸ್ತಿಲಿಗೆ ಬಂದು ನಿಂತಿತು. ಮೊದಲ ಸಲ ಹೋದಾಗ ಅವರು ಮನೆಯಲ್ಲಿರಲಿಲ್ಲ. ಇನ್ನೊಂದು ಸಲ ಇದ್ದರು, ನನ್ನನ್ನು ಕಂಡು ಬಾಗಿಲು ಹಾಕಿಕೊಂಡರು. ಆಮೇಲೆ ಹೋದಾಗ ಬಾಗಿಲು ವಿಶಾಲವಾಗಿ ತೆರೆದಿತ್ತು, ಬಸವಂತಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು.

"ಬಾಮ್ಮ, ನಿನ್ನೇ ಕಾಯ್ತಿದ್ದೆ. ಓದು," ಎಂದರು.

ನನಗೆ ಆಶ್ಚರ್ಯವಾಯಿತು. ಓದಿದೆ. ಸುಲೋಚನಾಳ ಸಾವು, ಗೋಣಿಚೀಲ ಹೊದ್ದ ಯಂತ್ರ, ಕೊಳಚೆ, ಎಲ್ಲ. ಅವರು ಒಂದು ಸಲವೂ ಮುಖ ತಿರುಗಿಸಲಿಲ್ಲ. ಅವರ ಹಿಂದೆ ನಡುಮನೆಯ ಪರದೆ ಸ್ವಲ್ಪ ಅಲುಗಿತು, ಕೆಳಗೆ ಒಂದು ಜೊತೆ ಪಾದ ಕಂಡಿತು. ಓದಿ ಮುಗಿದ ಮೇಲೆ ಅವರು ನಿಧಾನವಾಗಿ ಕೆಳಗೆ ನೋಡಿದರು. ನಾನೂ ನೋಡಿದೆ. ಅಲ್ಲಿ ಹೊಸ್ತಿಲೇ ಇರಲಿಲ್ಲ. ಜಗಲಿಯ ಕಲ್ಲು ಒಳಗಿನ ನೆಲದ ಜೊತೆ ಒಂದೇ ಸಮ ಕೂಡಿಕೊಂಡಿತ್ತು. ಹೊಸ ಗ್ರಾನೈಟು ಥಳಥಳಿಸುತ್ತಿತ್ತು, ಅಂಚಿನಲ್ಲಿ ಸಿಮೆಂಟು ಇನ್ನೂ ಹಸಿಯಾಗಿತ್ತು.

"ಮುಂದೆ ನಮಗೂ ವಯಸ್ಸಾಗುತ್ತಲ್ಲಮ್ಮ, ಎಡವಿ ಬೀಳಬಾರ್ದು ಅಂತ ತೆಗೆಸ್ಬಿಟ್ಟೆ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಮಿಷಿನ್ ಕೆಟ್ಟಿದೆ, ರಿಪೇರಿ ಮಾಡಿಸ್ತೀನಿ. ಅಷ್ಟಕ್ಕೆ ಊರೆಲ್ಲ ಬೆಂಕಿ ಹಚ್ಚಬೇಡ," ಎಂದರು.

ಅವತ್ತು ಸಂಜೆಯ ಪತ್ರಿಕೆಯ ಮುಖಪುಟ ಅರ್ಧ ಬಿಳಿಯಾಗಿ ಬಂತು.

ಅಷ್ಟರಲ್ಲಿ ಸಾಮೂಹಿಕ ಮದುವೆ ಹತ್ತಿರ ಬಂದಿತ್ತು. ಕಾಲೇಜು ಮೈದಾನದಲ್ಲಿ ಚಪ್ಪರ ಎದ್ದಿತ್ತು, ಸುತ್ತಲಿನ ಹಳ್ಳಿಗಳಿಂದೆಲ್ಲ ಜನ ಬರುವವರಿದ್ದರು. ಕುಡಿಯುವ ನೀರು ಬಸವಂತಪ್ಪನವರ ಸೇವೆ ಎಂದು ಬ್ಯಾನರಿನಲ್ಲೇ ಹಾಕಿದ್ದರು. ಮದುವೆಯ ಹಿಂದಿನ ದಿನ ಬೆಳಗ್ಗೆ ನಸ್ರೀನ್ ಜೊತೆ ಮೈದಾನಕ್ಕೆ ಹೋದೆ. ನೀಲಿ ಕ್ಯಾನುಗಳನ್ನು ಲಾರಿಯಿಂದ ಇಳಿಸಿ ಗೋಡೆಯ ಹಾಗೆ ಪೇರಿಸುತ್ತಿದ್ದರು. ಮದುವೆ ಸಮಿತಿಯ ಅಧ್ಯಕ್ಷರು ನಮ್ಮ ಮಾತನ್ನು ತಾಳ್ಮೆಯಿಂದಲೇ ಕೇಳಿದರು.

"ಪೇಪರಲ್ಲಿ ಬಂದಿದೆಯಾ?"

"ಬಿಳಿ ಬಂದಿದೆ," ಎಂದೆ.

"ಬಿಳಿ ಯಾರದ್ದು ಬೇಕಾದ್ರೂ ಆಗಿರ್ಬಹುದಲ್ಲಮ್ಮ. ಧರ್ಮಕ್ಕೆ ನೀರು ಕೊಡೋರ ಮೇಲೆ ಬಾಯಿಮಾತಿಗೆ ಅಪವಾದ ಹೊರಿಸೋದು ತಪ್ಪು."

ನಸ್ರೀನ್ ಅವರ ಎದುರಿಗೇ ಬಂದು ನಿಂತರು. "ಸರ್, ಇಲ್ಲಿ ನೀರು ಕುಡಿದೋರು ಮುಂದಿನ ತಿಂಗಳು ನನ್ನ ಹತ್ರ ಬರ್ತಾರೆ. ಅವರಲ್ಲಿ ಎಷ್ಟು ಜನ ಬಸುರಿಯರು ಇರ್ತಾರೋ ನನಗೆ ಗೊತ್ತಿಲ್ಲ. ನಾಳೆ ಮದುವೆಯಾಗೋ ಹುಡುಗಿಯರೇ ಇರ್ತಾರೋ ಏನೋ."

"ಶುಭಕಾರ್ಯದಲ್ಲಿ ಇಂಥ ಮಾತು ಬೇಡ ಡಾಕ್ಟ್ರೇ," ಎಂದು ಅವರು ಎದ್ದುಹೋದರು.

ಕಚೇರಿಗೆ ಬಂದು ಶಿವಲಿಂಗಯ್ಯನವರಿಗೆ ಹೇಳಿದೆ. ಅವರು ಗಡಿಯಾರ ನೋಡಿದರು. "ಮುಖಪುಟದಲ್ಲಿ ಜಾಗ ಬಿಟ್ಟಿರ್ತೀನಿ," ಎಂದರು. "ಮೆಷಿನ್ ಶುರು ಮಾಡೋದು ಎಷ್ಟು ತಡ ಮಾಡೋಕಾಗುತ್ತೋ ಅಷ್ಟೂ ಮಾಡ್ತೀನಿ. ನೀನು ಹೋಗು ಮಂದಾ. ಏನು ಮಾಡ್ತೀಯೋ ನನಗೆ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಬಸವಂತಪ್ಪನವರ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಮುಂಬಾಗಿಲು ಹಾಕಿತ್ತು, ಅವರ ಸ್ಕೂಟರ್ ಕಾಣಲಿಲ್ಲ. ಆ ಗ್ರಾನೈಟಿನ ಮುಂದೆ ಪೆದ್ದಿಯ ಹಾಗೆ ನಿಂತಿದ್ದೆ. ಆಗ ಮನೆಯ ಪಕ್ಕದ ಓಣಿಯಿಂದ ಯಾರೋ "ಶ್" ಎಂದರು. ತಿರುಗಿ ನೋಡಿದರೆ ಬಸವಂತಪ್ಪನವರ ಹೆಂಡತಿ ಹೊನ್ನಮ್ಮ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ನಿಂತಿದ್ದರು. ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರು. ಅವರನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಹಿಂದ್ಗಡೆಯಿಂದ ಬಾ," ಎಂದರು.

ಓಣಿ ಇಕ್ಕಟ್ಟಾಗಿತ್ತು, ಸೌದೆ ಒಟ್ಟಿದ್ದರು. ಕೊನೆಯಲ್ಲಿ ಹಿತ್ತಲು, ತುಳಸಿ, ಪಾತ್ರೆ ತೊಳೆಯುವ ಕಲ್ಲು. ಅಡುಗೆಮನೆಯ ಬಾಗಿಲು ತೆರೆದಿತ್ತು. ಆ ಬಾಗಿಲಿಗೆ ಕಲ್ಲಿನ ಹೊಸ್ತಿಲಿತ್ತು. ತುಳಿದು ತುಳಿದು ನಡುವೆ ಸವೆದಿತ್ತು, ಎರಡು ತುದಿಗೂ ಅರಿಸಿನ ಕುಂಕುಮ ಹಚ್ಚಿದ್ದರು.

"ಮುಂದಿನ ಹೊಸ್ತಿಲು ಕೀಳಿಸೋವಾಗ ಅವರಿಗೆ ಇದರ ನೆನಪೇ ಬರ್ಲಿಲ್ಲ," ಎಂದರು ಹೊನ್ನಮ್ಮ. "ಈ ಬಾಗ್ಲಲ್ಲಿ ಅವರು ಓಡಾಡಿದ್ರೆ ತಾನೆ? ಇದು ನಡೆಯುತ್ತೋ ಇಲ್ವೋ ನಂಗೊತ್ತಿಲ್ಲ."

"ನಂಗೂ ಗೊತ್ತಿಲ್ಲಮ್ಮ. ಹಿತ್ತಲ ಬಾಗಿಲಲ್ಲಿ ಯಾರೂ ಓದಿದ್ದು ಕೇಳಿಲ್ಲ."

"ಮೊನ್ನೆ ನೀನು ಓದಿದ್ದು ಪರದೆ ಹಿಂದೆ ನಿಂತು ಅರ್ಧಂಬರ್ಧ ಕೇಳಿಸ್ಕೊಂಡೆ. ಸತ್ತೋಳ ಹೆಸರು ಏನಂದೆ?"

"ಸುಲೋಚನಾ."

"ಎಷ್ಟು ತಿಂಗಳು?"

"ಏಳು."

ಹೊನ್ನಮ್ಮ ಕಣ್ಣು ಮುಚ್ಚಿಕೊಂಡರು. ಆಮೇಲೆ ಹೊಸ್ತಿಲ ಒಳಗೆ ಹೋಗಿ ನಿಂತು, ಸೆರಗು ಸರಿಮಾಡಿಕೊಂಡು ನನ್ನ ಮುಖ ನೋಡಿದರು. "ಹೂಂ, ಓದು."

ಓದತೊಡಗಿದೆ. ನನಗೆ ಅವಸರ, ಮಾತು ಮಾತಿಗೆ ಡಿಕ್ಕಿ ಹೊಡೆಯುತ್ತಿತ್ತು. ಅವರು ಕೈ ಎತ್ತಿ, "ನಿಧಾನಕ್ಕೆ ಓದಮ್ಮ, ನಂಗೆ ಎಲ್ಲಾ ಕೇಳ್ಬೇಕು," ಎಂದರು. ನಿಧಾನಿಸಿದೆ. ದೇವೀರಮ್ಮನ ಮಾತಿಗೆ ಬಂದಾಗ, ಅವಳೊಬ್ಬಳಿಗೇ ಕ್ಯಾನ್ ನೀರು ಕೊಡುತ್ತಿದ್ದೆವು ಎಂಬ ಸಾಲಿಗೆ, ಹೊನ್ನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮುಖ ಮಾತ್ರ ತಿರುಗಿಸಲಿಲ್ಲ.

ಆಗಲೇ ಮನೆಯ ಮುಂದೆ ಸ್ಕೂಟರ್ ನಿಂತ ಸದ್ದಾಯಿತು. ಮುಂಬಾಗಿಲಿನ ಬೀಗ ತೆಗೆದ ಸದ್ದು, ಚಪ್ಪಲಿಯ ಸದ್ದು. "ಹೊನ್ನೀ," ಎಂದು ಕರೆದರು ಬಸವಂತಪ್ಪನವರು.

ನಾನು ನಿಲ್ಲಿಸಿದೆ. ಹೊನ್ನಮ್ಮ ನನ್ನಿಂದ ಕಣ್ಣು ಕೀಳದೆಯೇ ಎರಡು ಹೆಜ್ಜೆ ಹಿಂದೆ ಸರಿದು, ಬೆನ್ನ ಹಿಂದೆ ಕೈ ಚಾಚಿ, ಅಡುಗೆಮನೆಯ ಒಳಬಾಗಿಲನ್ನು ನೂಕಿ ಚಿಲಕ ಹಾಕಿದರು. ಮತ್ತೆ ಹೊಸ್ತಿಲಿಗೆ ಬಂದು ನಿಂತರು.

"ನಿಲ್ಲಿಸ್ಬೇಡ."

ಮುಂದುವರಿಸಿದೆ. ಒಳಗಿನಿಂದ ಬಾಗಿಲು ತಟ್ಟತೊಡಗಿದರು. "ಯಾಕೇ ಚಿಲಕ ಹಾಕಿದ್ದೀಯ? ಯಾರಿದ್ದಾರೆ ಅಲ್ಲಿ?" ಆಮೇಲೆ ನನ್ನ ದನಿ ಕೇಳಿಸಿರಬೇಕು. ಮರುಕ್ಷಣ ಬಾಗಿಲು ಒಡೆದು ಹೋಗುವ ಹಾಗೆ ಗುದ್ದು ಬಿತ್ತು. ಗೋಡೆಯ ಗೂಡಿನಲ್ಲಿದ್ದ ಹಿತ್ತಾಳೆ ಲೋಟವೊಂದು ಉರುಳಿ ಬಿತ್ತು. "ಹೊನ್ನೀ, ಒಳಗೆ ಬಾ! ಮುಖ ತಿರುಗಿಸು! ನಿನ್ನ ಕಾಲಿಗೆ ಬೀಳ್ತೀನಿ ಕಣೇ, ಮುಖ ತಿರುಗಿಸು!" ಗಂಡ ಹಾಗೆ ಬೇಡಿಕೊಂಡಾಗ ಹೊನ್ನಮ್ಮನ ಕಣ್ಣಿಂದ ನೀರು ಇಳಿಯಿತು. ನನ್ನನ್ನು ನೋಡುತ್ತಲೇ ಇದ್ದರು. ಗುದ್ದು ನಿಂತಿತು, ಚಪ್ಪಲಿಯ ಸದ್ದು ಮುಂದಿನ ಬಾಗಿಲ ಕಡೆಗೆ ಓಡಿತು. ಅವರು ಓಣಿ ಸುತ್ತಿ ಬರುತ್ತಿದ್ದಾರೆಂದು ಇಬ್ಬರಿಗೂ ಗೊತ್ತಾಯಿತು.

ಕೊನೆಯ ಸಾಲು ಓದಿದೆ. "ಆಯ್ತಮ್ಮ," ಎಂದೆ.

"ಆಗಿಲ್ಲ. ಒಂದು ಮಾತು ಬಿಟ್ಟಿದ್ದೀಯ," ಎಂದರು ಹೊನ್ನಮ್ಮ. "ನಮ್ಮ ಮನೇಲಿ ಆ ನೀರು ಕುಡಿಯೋದಿಲ್ಲ. ಮಿಷಿನ್ ಕೆಟ್ಟಾಗಿನಿಂದ ಕುಡಿದಿಲ್ಲ. ಪಕ್ಕದ ಬೀದಿ ಬಾವಿಯಿಂದ ನಾನೇ ಸೇದಿ ತರ್ತೀನಿ. ಅವರಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಅದನ್ನ ಬರಿ. ಬರೆದು ಓದು."

"ಅಮ್ಮಾ, ನಿಮ್ಮ ಮೇಲೂ ಬರುತ್ತೆ ಇದು."

"ಓದು ಅಂದೆ."

ಗೋಡೆಗೆ ಕಾಗದ ಒತ್ತಿಕೊಂಡು ಬರೆದೆ. ಓಣಿಯಲ್ಲಿ ಸೌದೆ ಉರುಳಿದ ಸದ್ದಾಯಿತು. ಆ ಎರಡು ಸಾಲನ್ನು ಓದಿ ಮುಗಿಸುವುದಕ್ಕೂ ಬಸವಂತಪ್ಪನವರು ಹಿತ್ತಲಿಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಏದುಸಿರು ಬಿಡುತ್ತಿದ್ದರು. ಬಿಳಿ ಅಂಗಿಗೆ ಗೋಡೆಯ ಸುಣ್ಣ ಮೆತ್ತಿತ್ತು. ನನ್ನನ್ನು ನೋಡಲೇ ಇಲ್ಲ.

"ಏನೇ ಮಾಡ್ಬಿಟ್ಟೆ?" ಎಂದರು ಹೆಂಡತಿಗೆ.

"ಕೇಳಿಸ್ಕೊಂಡೆ," ಎಂದರು ಹೊನ್ನಮ್ಮ.

ಬಸವಂತಪ್ಪನವರು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಚೂರು ಚೂರು ಮಾಡಿದರು. ಓಣಿಗೆ ಅಡ್ಡ ನಿಂತರು. ಹೊಡೆಯುತ್ತಾರೆಂದೇ ಅಂದುಕೊಂಡೆ. "ಅವಳನ್ನ ಬಿಡಿ," ಎಂದರು ಹೊನ್ನಮ್ಮ ಹಿಂದಿನಿಂದ. "ಕಾಗದ ಹರಿದ್ರೆ ನಾನು ಕೇಳಿದ್ದು ಹೋಗುತ್ತಾ?" ಬಸವಂತಪ್ಪನವರು ಅಲ್ಲೇ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕುಸಿದು ಕೂತರು. ನಾನು ಅವರನ್ನು ದಾಟಿ ಓಡಿದೆ.

ಕಚೇರಿಯಲ್ಲಿ ಶಿವಲಿಂಗಯ್ಯನವರ ಪಕ್ಕ ಕೂತು ಬಾಯಲ್ಲೇ ಎಲ್ಲ ಹೇಳಿದೆ, ಅವರೇ ಟೈಪ್ ಮಾಡಿಕೊಂಡರು. ಹಿತ್ತಲ ಬಾಗಿಲು ಎಂದಾಗ ತಲೆಯೆತ್ತಿ ನೋಡಿ, ಮತ್ತೆ ಟೈಪ್ ಮಾಡತೊಡಗಿದರು. ಮೆಷಿನ್ ಶುರುವಾಯಿತು. ಮೊದಲ ಕಾಗದ ಹೊರಗೆ ಬಂದಾಗ ನನಗೆ ನೋಡುವ ಧೈರ್ಯ ಬರಲಿಲ್ಲ. ಶಿವಲಿಂಗಯ್ಯನವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು, ಮುಖಪುಟದ ಮೇಲೆ ಬೆರಳಾಡಿಸಿದರು. ಆಮೇಲೆ ಆ ಬೆರಳನ್ನು ನನ್ನ ಕಡೆ ತೋರಿಸಿದರು. ಕಪ್ಪಗಾಗಿತ್ತು.

ಸಂಜೆ ಮೈದಾನಕ್ಕೆ ಪತ್ರಿಕೆಯ ಕಟ್ಟನ್ನು ನಾನೇ ಒಯ್ದೆ. ಸಮಿತಿಯ ಅಧ್ಯಕ್ಷರು ನಿಂತೇ ಓದಿದರು, ಕೂತು ಇನ್ನೊಂದು ಸಲ ಓದಿದರು. ಆಮೇಲೆ ಅವರೇ ಪಂಚೆ ಎತ್ತಿ ಕಟ್ಟಿ ಮೊದಲ ಕ್ಯಾನನ್ನು ನೆಲಕ್ಕೆ ಬಗ್ಗಿಸಿದರು. ಮದುಮಕ್ಕಳ ಕಡೆಯವರು, ಅಡುಗೆಯವರು, ಚಪ್ಪರದವರು ಎಲ್ಲರೂ ಸೇರಿದರು. ನೋಡನೋಡುತ್ತಿದ್ದಂತೆ ಮೈದಾನದ ಒಂದು ಮೂಲೆ ಕೆಸರಾಯಿತು. ಆರೋಗ್ಯಾಧಿಕಾರಿ ಮಾತಿಗೆ ತಪ್ಪಲಿಲ್ಲ, ಕತ್ತಲಾಗುವ ಮೊದಲೇ ಹಸಿರು ಗೇಟಿಗೆ ಬೀಗ ಬಿತ್ತು. ಪೊಲೀಸರು ಹೋದಾಗ ಬಸವಂತಪ್ಪನವರು ಅದೇ ಹಿತ್ತಲಲ್ಲಿ ಕೂತಿದ್ದರಂತೆ. ಮಾರನೆಯ ದಿನ ಮದುವೆಗಳು ನಡೆದವು. ದೊಡ್ಡ ಕೊಪ್ಪರಿಗೆಗಳಲ್ಲಿ ಕುದಿಸಿದ ನೀರು ಕೊಟ್ಟರು. ಆ ಬಿಸಿಲಲ್ಲಿ ಬಿಸಿನೀರು ಕುಡಿಸಿದರು ಎಂದು ಬೀಗರು ಗೊಣಗಿಕೊಂಡು ಹೋದರು.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ಹೇಳಲಾರೆ. ಮೊದಲೇ ಕುಡಿದಿದ್ದವರು ವಾರಗಟ್ಟಲೆ ಆಸ್ಪತ್ರೆಗೆ ಬರುತ್ತಲೇ ಇದ್ದರು. ಇನ್ನೊಬ್ಬಳು ಬಸುರಿ ಸತ್ತಳು. ಅವಳ ಮನೆಯ ಹೊಸ್ತಿಲಲ್ಲೂ ನಾನೇ ಓದಿದೆ. ನಿಧಾನವಾಗಿ ವಾರ್ಡಿನ ಚಾಪೆಗಳು ಕಡಿಮೆಯಾದವು. ಒಂದು ದಿನ ನಸ್ರೀನ್ ಫೋನ್ ಮಾಡಿ, "ಇವತ್ತು ಹೊಸಬರು ಯಾರೂ ಬಂದಿಲ್ಲ," ಎಂದು ಹೇಳಿ ಅತ್ತರು.

ಊರಿನ ಸಿಟ್ಟು ಬಸವಂತಪ್ಪನವರ ಮೇಲೆ ಎಷ್ಟಿತ್ತೋ ಅಷ್ಟೇ ಹೊನ್ನಮ್ಮನ ಮೇಲೂ ಇತ್ತು. ತಾನು ಬಾವಿ ನೀರು ಕುಡಿದುಕೊಂಡು ಸುಮ್ಮನಿದ್ದಳಲ್ಲ ಎಂದು ಕೆಲವರು, ಗಂಡನನ್ನು ಜೈಲಿಗೆ ಕಳಿಸಿದಳಲ್ಲ ಎಂದು ಕೆಲವರು. ಎರಡನ್ನೂ ಒಟ್ಟಿಗೆ ಹೇಳುವವರೂ ಇದ್ದರು. ಕಿಟಕಿಗೆ ಕಲ್ಲು ಬಿದ್ದವು. ಪಕ್ಕದ ಬೀದಿಯವರು ಬಾವಿಯ ಹಗ್ಗ ಬಿಚ್ಚಿಟ್ಟುಕೊಂಡರು, ಆಕೆ ಮನೆಯಿಂದಲೇ ಹಗ್ಗ ಒಯ್ದು ಸೇದತೊಡಗಿದರು. ಪೊಲೀಸರು ಕರೆಸಿ ಕೇಳಿದಾಗ ನನಗೆ ಹೇಳಿದ್ದನ್ನೇ ಹೇಳಿದರಂತೆ, ಒಂದು ಮಾತೂ ಕಡಿಮೆ ಮಾಡದೆ. ತವರಿನಿಂದ ಅಣ್ಣಂದಿರು ಗಾಡಿ ತಂದರು, ಹೋಗಲಿಲ್ಲ.

ಮಳೆಗಾಲ ಹಿಡಿದ ಮೇಲೆ ಬಸವಂತಪ್ಪನವರಿಗೆ ಜಾಮೀನು ಸಿಕ್ಕಿತು. ಆ ಸುದ್ದಿಯನ್ನೂ ಓದಬೇಕಿತ್ತು. ಹಿತ್ತಲ ಬಾಗಿಲಿಗೇ ಹೋದೆ. ಹೊನ್ನಮ್ಮ ಸೊರಗಿದ್ದರು. ನಾನು ಓದಿದ್ದನ್ನು ಮುಖ ನೋಡಿಕೊಂಡೇ ಕೇಳಿದರು. ನಾಳೆ ಬಿಡುಗಡೆ, ಅಷ್ಟೇ ಇದ್ದದ್ದು. ಓದಿದ ಮೇಲೆ ಹೊರಡಲು ಮನಸ್ಸಾಗಲಿಲ್ಲ.

"ಅಣ್ಣನ ಮನೆಗೆ ಹೋಗ್ಬಿಡಿ ಅಮ್ಮಾ," ಎಂದೆ. "ಅವರು ಬಂದು ಏನು ಮಾಡ್ತಾರೋ ಏನೋ. ಭಯ ಆಗಲ್ವಾ?"

"ಆಗುತ್ತೆ," ಎಂದರು. "ಬಂದ ತಕ್ಷಣ ಕುಡಿಯೋಕೆ ನೀರು ಕೇಳ್ತಾರೆ. ಯಾವಾಗ್ಲೂ ಹಾಗೇನೆ. ಕೊಡ್ತೀನಿ. ಕುಡಿಯೋ ಮುಂಚೆ, ಇದು ಯಾವ ನೀರೋ ಅಂತ ಒಂದ್ಸಲ ತಲೆಯೆತ್ತಿ ನನ್ನ ಮುಖ ನೋಡ್ತಾರಲ್ಲ, ಅದಕ್ಕೋಸ್ಕರ ಇರ್ತೀನಿ."